ರೈಗಳ ವ್ಯಾಗನ್‌ಗೆ ಹಾಕಿದ ಡಿಫ್ರೆನ್ಶಲ್

ಡಿಫ್ರೆನ್ಶಲ್ ಬಿಚ್ಚಿ ಇಟ್ಟ ಹೊತ್ತಿಗೇ ಸರಿಯಾಗಿ ನಿಮ್ಮನ್ನು ಚಹಾ ತರಲು ಕಳಿಸುವ ಮೇಸ್ತ್ರಿ ಸಿಕ್ಕಿದರೆ, ಹೋಗಬೇಡಿ. ಬೈದರೆ ಬೈಸಿಕೊಳ್ಳಿ. ನಾನು ಹೋದೆ, ವರ್ಷಗಟ್ಟಲೆ ಹೋದೆ. ಹೋಗಿ ಹೋಗಿ ಕೊನೆಗೆ ಬೇರೆಯವರನ್ನು ಚಹಾಕ್ಕೆ ಕಳಿಸುವುದನ್ನೂ ಕಲಿತೆ.

ಕುಲಶೇಖರದಲ್ಲಿ ರಸ್ತೆ ಬದಿಯ ನನ್ನ ಗ್ಯಾರೇಜು ಈಗ ಇಲ್ಲ. ಮೊಣಗಂಟು ಕೈಕೊಟ್ಟ ಮೇಲೆ ಮುಚ್ಚಿದೆ. ಐಟಿಐ ಮುಗಿಸಿದ ಹುಡುಗರು ಈಗಲೂ ಮನೆಗೆ ಬರುತ್ತಾರೆ. "ಮಾಮ, ಆಗ ಹೇಗೆ ಮಾಡ್ತಿದ್ರಿ, ಒಂದು ಬರೆದಿಡಿ" ಎನ್ನುತ್ತಾರೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆಯಲ್ಲಿ ಆಡುವುದು ತುಳು; ಕನ್ನಡ ಬರೆಯುತ್ತಿದ್ದದ್ದು ಬಿಲ್ಲಿನಲ್ಲಿ ಮಾತ್ರ. ಆದರೂ ಬರೆಯುತ್ತೇನೆ. ಸಾಹಸದ ಕಥೆ ಬೇಕಾದವರು ಬೇರೆಯವರನ್ನು ಕೇಳಿ. ನಮ್ಮ ಕೆಲಸದಲ್ಲಿ ಸಾಹಸಕ್ಕಿಂತ ತಲೆಬಿಸಿ ಹೆಚ್ಚು.

ನಾನು ಕಲಿತದ್ದು ಅದೇ ಕುಲಶೇಖರದ ಲೂವಿಸ್ ಮೇಸ್ತ್ರಿಯ ಕೈಕೆಳಗೆ. ಇಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲ ತೋರಿಸಿ ಕೊಟ್ಟ ಮನುಷ್ಯ. ಡಿಫ್ರೆನ್ಶಲ್ ಮಾತ್ರ ತೋರಿಸಲಿಲ್ಲ. ಕಾರು ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದ್ದು ಕಡಿಮೆ. ಎರಡಕ್ಕೂ ಬೇರೆ ಬೇರೆ ಓಟ ಹಂಚಿ ಕೊಡುವುದು ಹಿಂದಿನ ಎಕ್ಸಲಿನ ನಡುವೆ ಗುಂಡಗೆ ಕಾಣುವ ಈ ಡಿಫ್ರೆನ್ಶಲ್. ಅದರೊಳಗೆ ದೊಡ್ಡ ಕ್ರೌನ್ ಹಲ್ಲು, ಸಣ್ಣ ಪಿನಿಯನ್ ಹಲ್ಲು. ಅವೆರಡರ ನಡುವೆ ಕೂದಲೆಳೆಯಷ್ಟು ಆಟ ಇರಬೇಕು. ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ಕೂಗುತ್ತದೆ. ಆ ಆಟ ಕೂರಿಸಲು ಬೇರಿಂಗಿನ ಹಿಂದೆ ಶಿಮ್ಮು ಎನ್ನುವ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳನ್ನು ಇಡಬೇಕು. ಎಷ್ಟು ಇಡಬೇಕು, ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಎಲ್ಲಿ ಬೀಳಬೇಕು, ಇದೇ ವಿದ್ಯೆ. ನೀಲಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕೂತು, "ಸಂಜೀವ, ಚಾ" ಎನ್ನುತ್ತಿದ್ದರು. ಮಂಗಳೂರಿನ ಗ್ಯಾರೇಜುಗಳಲ್ಲಿ ಆಗ ಇದೇ ರೂಢಿ. ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಕೆಲಸವನ್ನು ಬೆನ್ನಿನ ಹಿಂದೆ ಅಡಗಿಸಿ ಇಟ್ಟುಕೊಳ್ಳುವುದು. ಅದು ಕೈತಪ್ಪಿದರೆ ಗಿರಾಕಿಯೂ ಕೈತಪ್ಪಿದ ಹಾಗೆ.

ಒಮ್ಮೆ ಮೇಸ್ತ್ರಿ ಇಲ್ಲದಾಗ ಒಬ್ಬ ಟ್ಯಾಕ್ಸಿಯವನ ಅಂಬಾಸಿಡರ್ ಬಂತು. ನಾನೇ ಧೈರ್ಯ ಮಾಡಿ ಬಿಚ್ಚಿದೆ. ಹಳೆಯ ಶಿಮ್ಮುಗಳನ್ನೇ ಹೊಸ ಬೇರಿಂಗಿಗೆ ಹಾಕಿ ಮುಚ್ಚಿಬಿಟ್ಟೆ. ಬೇರಿಂಗ್ ಬದಲಾದರೆ ಶಿಮ್ ಲೆಕ್ಕವೂ ಬದಲಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಮರುದಿನ ಆ ಟ್ಯಾಕ್ಸಿ ಆಚೆ ನಂತೂರು ದಾಟುವ ಮೊದಲೇ ಅದರ ಕೂಗು ಕುಲಶೇಖರದಲ್ಲಿ ಕೇಳುತ್ತಿತ್ತು.

"ನನಗೆ ಇನ್ನು ಹಾರ್ನ್ ಬೇಡ ಮಾರಾಯ" ಎಂದ ಟ್ಯಾಕ್ಸಿಯವನು. "ನೀನು ಹಿಂದೆ ಶಂಖ ಇಟ್ಟು ಕೊಟ್ಟಿದ್ದಿ. ದನ ಎಲ್ಲ ತಾನಾಗಿ ಬದಿಗೆ ಹೋಗ್ತವೆ."

ಮೇಸ್ತ್ರಿ ಬಂದು ಸರಿಮಾಡಿದರು. ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಕೂತು ಚಹಾ ತರಲು ಹೇಳಿದರು, ಅಷ್ಟೇ. ಅವತ್ತು ಚಹಾದ ಅಂಗಡಿಯಿಂದ ಓಡಿ ಬಂದು ಕಿಟಕಿಯ ಸಂದಿಯಲ್ಲಿ ನೋಡಿದೆ. ನಾನು ಕಲಿತದ್ದು ಹಾಗೆ, ಕದ್ದು. ಕದ್ದು ಕಲಿತವನಿಗೆ ಅದು ತನ್ನದೇ ಆಸ್ತಿ ಅನಿಸುತ್ತದೆ. ಕೇಡು ಅಲ್ಲಿಂದ ಶುರು.

ಎಪ್ಪತ್ತರ ದಶಕದ ಕೊನೆಗೆ ನಾನು ಸ್ವಂತ ಗ್ಯಾರೇಜು ಹಾಕಿದೆ. ತಮ್ಮ ದಾಮೋದರ ಜೊತೆಗೆ ಬಂದ. ದಾಮು ನನಗಿಂತ ನಾಲ್ಕು ವರ್ಷ ಸಣ್ಣವನು, ಕೈ ನನಗಿಂತ ಚುರುಕು. ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ, ಇಂಜಿನ್ ಶುರು ಮಾಡಿಸಿ, ಗೇರ್ ಹಾಕಿಸಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಕ್ಸಲಿಗೆ, ಹಿಡಿಯನ್ನು ಕಿವಿಗೆ ಇಟ್ಟು ಆಲಿಸಿದನೆಂದರೆ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ನನಗೆ ಅದೇ ಶಬ್ದ ಎಲ್ಲ ಒಂದೇ ಥರ ಕೇಳುತ್ತಿತ್ತು. ಗಿರಾಕಿಗಳು ಬಂದರೆ "ದಾಮು ಇಲ್ವಾ?" ಎಂದೇ ಮೊದಲು ಕೇಳುವುದು. ಬೋರ್ಡಿನಲ್ಲಿ ಇರುವುದು ನನ್ನ ಹೆಸರು, ಹಲ್ಲು ಕಿರಿದು "ಒಳಗಿದ್ದಾನೆ" ಎನ್ನುವುದೂ ನಾನು.

ಡಿಫ್ರೆನ್ಶಲ್ ಕೂರಿಸುವುದೊಂದು ಮಾತ್ರ ನನಗೆ ಉಳಿದಿತ್ತು. ಅದನ್ನು ಅವನಿಗೆ ಬಿಡಲಿಲ್ಲ. ಚಹಾಕ್ಕೆ ಕಳಿಸಿದರೆ ಓಡಿ ಬರುತ್ತಾನೆಂದು ದೂರದ ಬಂದರಕ್ಕೆ, ಅಲ್ಲಿಯ ಪಾರ್ಟ್ಸ್ ಅಂಗಡಿಗಳಿಗೆ, ಕಳಿಸುತ್ತಿದ್ದೆ. ಆಯಿಲ್ ಸೀಲು ತಾ, ಪ್ಯಾಕಿಂಗ್ ಪೇಪರ್ ತಾ ಎಂದು.

"ಅಣ್ಣ, ಸೀಲು ಇಲ್ಲಿಯೇ ಉಂಟಲ್ಲ, ಡಬ್ಬಿಯಲ್ಲಿ."

"ಅದು ಹಳತು. ಹೊಸತು ತಾ."

"ಹೊಸತು ತಂದು ಇಟ್ಟದ್ದೇ ನಾನು."

"ಹೇಳಿದ್ದನ್ನು ಮಾಡು ಮಾರಾಯ, ಬಾಯಿಗೆ ಬಾಯಿ ಕೊಡ್ಬೇಡ."

ಅವನು ನಗುತ್ತಿದ್ದ. "ಹೋಗ್ತೇನೆ, ಹೋಗ್ತೇನೆ. ನೀನು ಗೋಡೆ ನೋಡಿಕೊಂಡು ಕೂತುಕೋ." ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಸ್ಸು ಹತ್ತುತ್ತಿದ್ದ.

ಇನ್ನು ರೈಗಳ ವ್ಯಾಗನ್ನಿನ ವಿಷಯ. ಬಲ್ಮಠದ ಹತ್ತಿರ ಹೋಟೆಲು ಇಟ್ಟಿದ್ದ ರೈಗಳಿಗೆ ಪೇಟೆಯ ಹೊರಗೆ ಕೆಂಪುಕಲ್ಲಿನ ಕೋರೆಯೂ ಇತ್ತು. ಕೋರೆಗೆ ಹೋಗಲು ಒಂದು ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್. ಉಕ್ಕಿನ ಮನೆಯ ಹಾಗಿತ್ತು. ಮಳೆ ಬಿದ್ದರೆ ಕೋರೆಯ ಇಳಿಜಾರಿನಲ್ಲಿ ಅದರ ಒಂದು ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ತಿರುಗುವುದು, ಇನ್ನೊಂದು ಗಟ್ಟಿ ನೆಲದ ಮೇಲೆ ಸುಮ್ಮನೆ ನಿಲ್ಲುವುದು. ಸಾಮಾನ್ಯ ಡಿಫ್ರೆನ್ಶಲ್ ಸೋಮಾರಿ. ಯಾವ ಚಕ್ರ ತಿರುಗಿಸಲು ಸುಲಭವೋ ಅದನ್ನೇ ತಿರುಗಿಸುತ್ತದೆ. ಕಲ್ಲು ಕಡಿಯುವವರು ಕೆಲಸ ಬಿಟ್ಟು ದಿನಾ ಗಾಡಿ ದೂಡಬೇಕು.

ರೈಗಳ ಭಾವ ವಿಠಲ ಗಲ್ಫಿನಲ್ಲಿ ದೊಡ್ಡ ಗ್ಯಾರೇಜಿನಲ್ಲಿದ್ದ. ಅವನು ಅಲ್ಲಿಯ ಗುಜರಿಯಿಂದ ಜಾರದ ಡಿಫ್ರೆನ್ಶಲ್ ಒಂದನ್ನು ಕಂಬಳಿಯಲ್ಲಿ ಸುತ್ತಿ ತಂದ. ಅದರೊಳಗೆ ಪ್ಲೇಟುಗಳಿರುತ್ತವೆ. ಒಂದು ಚಕ್ರ ಜಾರಲು ಹೊರಟರೆ ಪ್ಲೇಟುಗಳು ಒತ್ತಿ ಹಿಡಿದು ಇನ್ನೊಂದು ಚಕ್ರಕ್ಕೂ ಶಕ್ತಿ ಕೊಡುತ್ತವೆ. ಇಂಗ್ಲಿಷಿನಲ್ಲಿ ಲಿಮಿಟೆಡ್ ಸ್ಲಿಪ್ ಎನ್ನುತ್ತಾರೆ.

ಆ ಮೊದಲನೆಯದ್ದು ಹೊಂದಲೇ ಇಲ್ಲ. ಎಕ್ಸಲಿನ ತುದಿಯ ಹಲ್ಲು ದಪ್ಪ, ಅದರೊಳಗಿನ ಹಲ್ಲು ಸಣ್ಣ. ಅಳತೆ ಕೇಳದೆ ತರುವುದು, ಹೊಂದದಿದ್ದರೆ ನಮ್ಮ ಮುಖ ನೋಡುವುದು! ರೈಗಳು, "ಸ್ವಲ್ಪ ಅರ ಹಾಕಿ ನೋಡು ಸಂಜೀವ" ಎಂದರು. ಅರದಿಂದ ಉಜ್ಜಿ ಎಕ್ಸಲಿನ ಹಲ್ಲು ಹೊಂದಿಸುವುದಂತೆ. ನಾನು ಅದನ್ನು ಕಂಬಳಿಯಲ್ಲಿ ಸುತ್ತಿ ವಾಪಸು ಕೊಟ್ಟೆ. ವಿಠಲ ಮುಂದಿನ ರಜೆಗೆ ಬರುವಾಗ ಅಳತೆ ಸರಿಯಿದ್ದದ್ದು ತಂದ. ಈ ಸಲ ಕಂಬಳಿ ಕೂಡ ಹೊಸತು.

ಅದನ್ನು ಬಿಚ್ಚಿ ಇಡುವಾಗ ವಿಠಲ ನನ್ನ ಹತ್ತಿರ ನಿಂತು ಒಂದು ಮಾತು ಹೇಳಿದ. "ಸಂಜೀವಣ್ಣ, ಇದು ಹಾಕಿದ ಮೇಲೆ ನಿಮ್ಮ ಇಲ್ಲಿಯ ಅಭ್ಯಾಸ ಬಿಡ್ಬೇಕು. ಒಂದೇ ಬದಿ ಜಾಕ್ ಕೊಟ್ಟು ಗೇರ್ ಹಾಕ್ಲಿಕ್ಕಿಲ್ಲ. ನೆಲದಲ್ಲಿದ್ದ ಚಕ್ರ ಎಳೀತದೆ. ಗಾಡಿ ಜಾಕಿನಿಂದ ಹಾರಿ ಓಡ್ತದೆ. ನಮ್ಮಲ್ಲಿ ಒಬ್ಬನ ಕಾಲು ಹೋಗಿದೆ. ಎರಡೂ ಚಕ್ರ ಎತ್ತಿಯೇ ತಿರುಗಿಸುವುದು."

"ಆಯ್ತು" ಎಂದೆ. ದಾಮು ಆಗ ಎಲ್ಲಿದ್ದ? ಬಂದರದಲ್ಲಿ. ಡಬ್ಬಿ ತುಂಬ ಇದ್ದ ಸೀಲನ್ನು ಪುನಃ ತರಲು ನಾನೇ ಕಳಿಸಿದ್ದೆ.

ಹಳೆಯ ಕೇಸಿನಿಂದ ಕ್ರೌನ್ ಬಿಚ್ಚಿ ಹೊಸ ಕೇಸಿಗೆ ಕೂರಿಸಿದೆ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ, ಶಿಮ್ ಇಟ್ಟು ತೆಗೆದು, ಇಟ್ಟು ತೆಗೆದು, ನೀಲಿ ಗುರುತು ಹಲ್ಲಿನ ನಡುವಿಗೆ ಬರುವವರೆಗೆ ಬೆನ್ನು ಎತ್ತಲಿಲ್ಲ. ಆ ಕೆಲಸ ನಾನು ಚೆನ್ನಾಗಿಯೇ ಮಾಡಿದೆ. ಕೋರೆಯಲ್ಲಿ ಗಾಡಿ ಕೆಸರಿನಿಂದ ಹಂದಿಯ ಹಾಗೆ ನುಗ್ಗಿ ಮೇಲೆ ಬಂತಂತೆ. ರೈಗಳು ಹೋಟೆಲಿನಲ್ಲಿ ಬಂದವರಿಗೆಲ್ಲ ಹೇಳಿದರು. ಇಡೀ ಮಂಗಳೂರಿನಲ್ಲಿ ಇದು ಗೊತ್ತಿರುವವ ಸಂಜೀವ ಒಬ್ಬನೇ ಎಂದು. ಯಾರೂ ದಾಮುವಿನ ಹೆಸರು ಹೇಳದ ಮೊದಲ ಸಲ ಅದು. ನನಗೆ ಅದು ಹಿತವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿತವಾಗಿತ್ತು.

ಒಂದು ವಾರದಲ್ಲಿ ರೈಗಳು ಪುನಃ ಹಾಜರು. "ಎಂತದಿದು, ಬಲ್ಮಠದ ತಿರುವಿನಲ್ಲಿ ಹಿಂದಿನಿಂದ ಕರಕರ ಅಂತದೆ. ಪಾದ್ರಿಗಳು ತಿರುಗಿ ನೋಡ್ತಾರೆ." ಆ ಪ್ಲೇಟುಗಳಿಗೆ ಬೇರೆಯೇ ಮದ್ದು ಸೇರಿಸಿದ ಆಯಿಲ್ ಬೇಕು. ನಮ್ಮ ಊರಿನಲ್ಲಿ ಸಿಗುವುದು ಮಾಮೂಲಿ ಗೇರ್ ಆಯಿಲ್. ವಿಠಲ ಗಲ್ಫಿನಿಂದ ಯಾರದೋ ಕೈಯಲ್ಲಿ ಆ ಮದ್ದಿನ ಒಂದು ಸಣ್ಣ ಡಬ್ಬಿ ಕಳಿಸುವವರೆಗೆ ರೈಗಳ ದೂರು ಕೇಳಿ ಕೇಳಿ ನನ್ನ ಕಿವಿಯಲ್ಲೂ ಕರಕರ. ಆಗ ದಾಮು ಕೇಳಿದ:

"ಅಣ್ಣ, ಒಳಗೆ ಎಂತ ಹಾಕಿದ್ದಿ?"

"ಡಿಫ್ರೆನ್ಶಲ್."

"ಅದು ನನಗೂ ಗೊತ್ತುಂಟು. ತಿರುವಿನಲ್ಲಿ ಯಾಕೆ ಹಾಗೆ ಅಳ್ತದೆ ಅದು?"

"ನಿನಗೆ ಎಂತಕ್ಕೆ? ನೀನು ಬ್ರೇಕ್ ನೋಡು."

"ಬ್ರೇಕೂ ಅದೇ ಎಕ್ಸಲಿನಲ್ಲಿ ಇರುವುದಲ್ವಾ?"

ಆ ಕ್ಷಣ ಹೇಳಿದ್ದರೆ ಆಗಿತ್ತು. ಒಂದು ವಾಕ್ಯ. ಎರಡೂ ಚಕ್ರ ಎತ್ತು, ಅಷ್ಟೇ. ಒಳಗಿನ ವಿದ್ಯೆ ಹೇಳಬೇಕೆಂದೂ ಇರಲಿಲ್ಲ. ಆದರೆ ಅದನ್ನು ಹೇಳಿದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂದರೆ ಪ್ಲೇಟಿನ ವಿಷಯ ಬರುತ್ತದೆ, ನಾಳೆ ಅವನೇ ಬಿಚ್ಚಿ ನನಗಿಂತ ಚೆನ್ನಾಗಿ ಕೂರಿಸುತ್ತಾನೆ. ಇಷ್ಟು ಲೆಕ್ಕ ಹಾಕಿ ಸುಮ್ಮನಾದೆ. ರೈಗಳ ಗಾಡಿ ಬಂದರೆ ನಾನೇ ನೋಡುತ್ತೇನಲ್ಲ ಎಂದುಕೊಂಡೆ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ದಿನ ಶಕ್ತಿನಗರದಲ್ಲಿ ಯಾರದೋ ಫಿಯೆಟ್ ಏರಿನಲ್ಲಿ ನಿಂತಿದೆ ಎಂದು ನಾನು ಹೋಗಿದ್ದೆ. ಆ ಹೊತ್ತಿಗೆ ರೈಗಳ ಡ್ರೈವರ್ ಬಾಬು ವ್ಯಾಗನ್ ತಂದ. ಹಿಂದಿನ ಎಡ ಚಕ್ರದಲ್ಲಿ ಶಬ್ದ. ದಾಮು ಯಾವಾಗಲೂ ಮಾಡುವ ಹಾಗೆ ಮಾಡಿದ. ಮುಂದಿನ ಚಕ್ರಗಳಿಗೆ ಕೆಂಪುಕಲ್ಲು ಅಡ್ಡ ಇಟ್ಟ. ಎಡ ಎಕ್ಸಲಿನ ಅಡಿಗೆ ಜಾಕ್ ಕೊಟ್ಟ. ಬಾಬು ಇಂಜಿನ್ ಶುರು ಮಾಡಿ ಗೇರ್ ಹಾಕಿದ. ದಾಮು ಚಕ್ರದ ಹಿಂದೆ ಕೈ ಹಾಕಿ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ಟ. ಬಾಬು ಕ್ಲಚ್ ಬಿಟ್ಟ.

ನಾನು ಬಂದಾಗ ವ್ಯಾಗನ್ ಗ್ಯಾರೇಜಿನ ಎದುರು ರಸ್ತೆಗೆ ಅರ್ಧ ಹೊರಗೆ ನಿಂತಿತ್ತು. ಜಾಕ್ ಮಗುಚಿ ಬಿದ್ದಿತ್ತು. ಕಲ್ಲು ಒಡೆದಿತ್ತು. ದಾಮುವನ್ನು ರಿಕ್ಷಾಕ್ಕೆ ಕೂರಿಸುತ್ತಿದ್ದರು. ಬಲಗೈಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ಎಕ್ಸಲ್ ಕೆಳಗೆ ಬೀಳುವಾಗ ಜಾಕಿಗೂ ಅದಕ್ಕೂ ನಡುವೆ ಕೈ ಸಿಕ್ಕಿತ್ತು.

ಸುತ್ತ ಜನ. ನನಗೆ ಕೂಡಲೇ ಗೊತ್ತಾಯಿತು ಏನಾಗಿದೆ ಎಂದು. ಆ ಜನರೆದುರು, ಅವನ ಮುಖ ನೋಡಿಕೊಂಡು, ನಾನು ಹೇಳಿದ ಮೊದಲ ಮಾತು ಇದು: "ಇಂಥ ಹೊಟ್ಟು ಕಲ್ಲು ಇಡುವುದಾ ದಾಮು? ಕಲ್ಲು ನೋಡಿ ಇಡ್ಲಿಕ್ಕೆ ಆಗುದಿಲ್ವಾ?"

ಅವನು ರಿಕ್ಷಾದೊಳಗಿಂದ ಒಡೆದ ಕಲ್ಲನ್ನು ನೋಡಿದ. "ತಪ್ಪಾಯ್ತು ಅಣ್ಣ" ಎಂದ.

ಮೂರು ಬೆರಳು ತೆಗೆದರು. ಆಸ್ಪತ್ರೆಗೆ ರೈಗಳು ಬಂದರು. ಹೊರಗೆ ವರಾಂಡದಲ್ಲಿ ನನ್ನನ್ನು ಬದಿಗೆ ಕರೆದು, "ಸಂಜೀವ, ಆ ಗಲ್ಫಿನ ಡಿಫ್ರೆನ್ಶಲಿನಿಂದ ಏನಾದ್ರೂ ಆದದ್ದಾ?" ಎಂದು ಕೇಳಿದರು. ದೊಡ್ಡ ಮನುಷ್ಯ, ಬುದ್ಧಿ ಸರಿಯಾದ ಕಡೆಗೇ ಹೋಗಿತ್ತು. ವಿಠಲ ಗಲ್ಫಿಗೆ ಹೋಗಿಯಾಗಿತ್ತು, ಅವನ ಮಾತು ಕೇಳಿದವನು ನಾನೊಬ್ಬನೇ.

"ಇಲ್ಲ ಧಣಿ. ಕಲ್ಲಿನ ತಪ್ಪು" ಎಂದೆ.

ಅಮ್ಮನಿಗೂ ಅದನ್ನೇ ಹೇಳಿದೆ. ಉಳಿದ ಗ್ಯಾರೇಜಿನವರಿಗೆ ಹೇಳಬೇಕಾಗಲಿಲ್ಲ, ಸುದ್ದಿ ತಾನಾಗಿ ಹೋಯಿತು. ನಮ್ಮ ಕಸುಬಿನವರ ಬಾಯಿ ನಿಮಗೆ ಗೊತ್ತಿದೆ. ವರ್ಷದೊಳಗೆ ಅವನಿಗೆ ಕಲ್ಲು ದಾಮು ಎಂದು ಹೆಸರು ಬಿತ್ತು. "ಕಲ್ಲು ದಾಮುವಿನ ಹತ್ತಿರ ಕೇಳು", "ಕಲ್ಲು ದಾಮು ಹೇಳಿದ". ದಾಮೋದರ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ ಎನ್ನುವವರೆಗೆ. ಅವನ ಎದುರೇ ಕರೆದರೂ ಅವನು ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಕೈ ವಾಸಿಯಾದ ಮೇಲೆ ಗ್ಯಾರೇಜಿಗೆ ಬಾ ಎಂದೆ. ಎಡಗೈಯಲ್ಲಿ ಮಾಡುವ ಕೆಲಸ ಬೇಕಾದಷ್ಟಿತ್ತು, ಕಿವಿಯಂತೂ ಇತ್ತು. ಅವನು ಬರಲಿಲ್ಲ. "ಬೇಡ ಅಣ್ಣ. ಒಂದು ಕಲ್ಲು ನೋಡಿ ಇಡ್ಲಿಕ್ಕೆ ಬಾರದವನು ಗಾಡಿಯ ಅಡಿಗೆ ಬರ್ಲಿಕ್ಕಿಲ್ಲ. ನಾಳೆ ಇನ್ನೊಬ್ಬನ ಕೈ ತೆಗೆದೇನು" ಎಂದ. ಬೇರೆಯವರ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿಗೆ ನಿಂತ. ಆಮೇಲೆ ತನ್ನದೇ ಸಣ್ಣ ಅಂಗಡಿ ಹಾಕಿದ. ಜಾಕ್ ಮಾರುತ್ತಾನೆ; ಮುಟ್ಟಿ ತೋರಿಸುವುದಿಲ್ಲ, ಕೆಲಸದವನಿಗೆ ಹೇಳಿ ತೋರಿಸುತ್ತಾನೆ.

ನಾನು ಗ್ಯಾರೇಜಿನಲ್ಲಿ ಒಂದು ನಿಯಮ ಮಾಡಿದೆ. ಯಾವ ಗಾಡಿಯೇ ಇರಲಿ, ಚಕ್ರ ತಿರುಗಿಸಿ ನೋಡುವುದಾದರೆ ಎರಡೂ ಎತ್ತಬೇಕು, ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಡಬೇಕು, ಕಲ್ಲು ಕೂಡದು. ಕೆಲಸಕ್ಕೆ ಬಂದವರು "ಅಂಬಾಸಿಡರಿಗೂ ಯಾಕೆ ಇಷ್ಟು ರಗಳೆ?" ಎಂದು ಗೊಣಗಿದರೆ ಬಾಯಿ ಮಾಡುತ್ತಿದ್ದೆ, ಕಾರಣ ಹೇಳುತ್ತಿರಲಿಲ್ಲ. ಎಷ್ಟು ಜಾಗ್ರತೆಯ ಮನುಷ್ಯ ಎಂದು ಹೊರಗೆ ಹೊಗಳಿದರು. ಈಗ ಎಣಿಸಿದರೆ ನನಗೇ ನನ್ನ ಮೇಲೆ ರೇಗುತ್ತದೆ.

ಮೊನ್ನೆ ಮೊನ್ನೆ, ನಾನು ಈ ಬರಹ ಶುರು ಮಾಡಿದ ಮೇಲೆ, ದಾಮುವಿನ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ಮೆಕ್ಯಾನಿಕ್ ಹುಡುಗ ಜಾಕ್ ಕೊಳ್ಳಲು ಬಂದ. ಹಳೆಯದ್ದು ಯಾಕೆ ಹಾಳಾಯಿತು ಎಂದು ದಾಮು ಕೇಳಿದ. ಹುಡುಗ ನಗುತ್ತಾ ಹೇಳಿದ, ಒಂದು ದೊಡ್ಡ ಗಾಡಿಯ ಒಂದೇ ಚಕ್ರ ಎತ್ತಿ ಗೇರ್ ಹಾಕಿದರಂತೆ, ಅದರಲ್ಲಿ ಲಿಮಿಟೆಡ್ ಸ್ಲಿಪ್ ಇದ್ದದ್ದು ನೋಡಲಿಲ್ಲ, ಗಾಡಿ ಜಾಕಿನಿಂದ ಹಾರಿ ಗೋಡೆಗೆ ಹೋಯಿತು.

"ಹಾರ್ತದಾ?" ಎಂದ ದಾಮು.

"ಹಾರದೆ ಮತ್ತೆ? ಕೆಳಗಿದ್ದ ಚಕ್ರ ಎಳೀತದಲ್ಲ ಮಾಮ. ಬಂಡೆ ಇಟ್ಟರೂ ನಿಲ್ಲುದಿಲ್ಲ."

ಹುಡುಗ ಹೋದ ಮೇಲೆ ದಾಮು ಕೌಂಟರನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ನನ್ನನ್ನು ನೋಡದೆ ಕೇಳಿದ:

"ಅಣ್ಣ, ರೈಗಳ ವ್ಯಾಗನ್‌ಗೆ ಹಾಕಿದ್ದು ಎಂತದ್ದು?"

ಸುಳ್ಳು ಹೇಳಬಹುದಿತ್ತು. ವಿಠಲ ಇಲ್ಲ, ರೈಗಳು ಇಲ್ಲ, ಬಾಬು ಎಲ್ಲಿದ್ದಾನೋ ಗೊತ್ತಿಲ್ಲ.

"ಅದೇ" ಎಂದೆ.

"ನಿನಗೆ ಗೊತ್ತಿತ್ತಾ, ಹಾರ್ತದೆ ಅಂತ?"

"ಗೊತ್ತಿತ್ತು. ವಿಠಲ ಹೇಳಿದ್ದ."

"ನಾನು ಎಲ್ಲಿದ್ದೆ?"

"ಬಂದರಕ್ಕೆ ಕಳಿಸಿದ್ದೆ."

ಅವನು ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ಬೇಜಾರು ಬಂದವನ ಹಾಗೆ ಉಸಿರು ಬಿಟ್ಟ. "ಎಂತ ಸಾವು ಮಾರಾಯ ನಿನ್ನದು. ಹೇಳದೆ ಇದ್ದದ್ದು ಬಿಡು. ಕೆಲಸದಲ್ಲಿ ಎಲ್ಲರೂ ಅಡಗಿಸ್ತಾರೆ. ಆದರೆ ಆ ಕಲ್ಲು? ಆ ಕಲ್ಲು ನಾನು ತಟ್ಟಿ ನೋಡಿ ಇಟ್ಟದ್ದು. ಆಮೇಲೆ ತಟ್ಟಲಿಲ್ಲವೋ ಏನೋ ಅಂತ ಸಂಶಯ ಬಂತು. ಇಷ್ಟು ವರ್ಷ ನನ್ನ ಕೈಯನ್ನೇ ನಾನು ನಂಬಲಿಲ್ಲ. ಒಂದು ಬಲ್ಬು ಹಾಕುವಾಗಲೂ ಎರಡು ಸಲ ನೋಡ್ತೇನೆ. ಮಗ ಸ್ಕೂಟರ್ ಬಿಚ್ಚಿದರೆ ಹತ್ತಿರ ಹೋಗ್ಲಿಕ್ಕೆ ಹೆದರಿಕೆ."

ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅವನು ಕೇಳಿಸಿಕೊಳ್ಳಲಿಲ್ಲ.

"ಹುಡುಗರಿಗೆ ಬರೀತೇನೆ ಅಂತ ಹೇಳ್ತಿದ್ದಿಯಲ್ಲ. ಇದನ್ನು ಬರಿ. ಎಲ್ಲ ಗ್ಯಾರೇಜಿನವರೂ ಓದ್ಲಿ. ಬರೆದು ತಂದು ತೋರಿಸು. ಅಲ್ಲಿಯವರೆಗೆ ಈ ಅಂಗಡಿಗೆ ಬರ್ಬೇಡ."

ಬರೆದು ತೆಗೆದುಕೊಂಡು ಹೋದೆ. ಅವನು ಒಳಗೆ ಕರೆಯಲಿಲ್ಲ. ಕೌಂಟರಿನ ಆಚೆ ನಿಂತು, ಹಾಳೆಗಳನ್ನು ಬಲಗೈಯ ಉಳಿದ ಬೆರಳುಗಳಲ್ಲಿ ಒತ್ತಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿದ. ಗಿರಾಕಿಗಳು ಬಂದರೆ ಕಾಯಲು ಹೇಳಿದ. ನಾನು ಮೆಟ್ಟಿಲಿನಲ್ಲಿ ನಿಂತೇ ಇದ್ದೆ. ಓದಿ ಮುಗಿಸಿ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟ.

"ಇಲ್ಲಿ ಪುನಃ ಅದೇ ಮಾಡಿದ್ದಿ."

"ಎಂತ?"

"'ಜಾಕ್ ಮಗುಚಿ ಬಿದ್ದಿತ್ತು, ಕಲ್ಲು ಒಡೆದಿತ್ತು' ಅಂತ ಬರೆದು ಬಿಟ್ಟಿದ್ದಿ. ಓದಿದವನು ಎಂತ ತಿಳ್ಕೊಳ್ಳುದು? ಕಲ್ಲು ಒಡೆದು ಗಾಡಿ ಹೋಯ್ತು ಅಂತ ತಿಳ್ಕೊಳ್ತಾನೆ. ಯಾವುದು ಮೊದಲು, ಯಾವುದು ಆಮೇಲೆ? ಸರಿಯಾಗಿ ಬರಿ ಮಾರಾಯ. ಇಲ್ಲಿಯೇ ಬರಿ, ನನ್ನ ಎದುರು."

ಪೆನ್ನು ಅವನೇ ಕೊಟ್ಟ. ಕೌಂಟರಿನ ಮೇಲೆ ಬಗ್ಗಿ ಬರೆದೆ. ಆ ಸಾಲುಗಳನ್ನು ಮೇಲೆ ಸೇರಿಸದೆ ಇಲ್ಲಿಯೇ ಇಟ್ಟಿದ್ದೇನೆ, ಅವನು ನೋಡುತ್ತಾ ನಿಂತು ಬರೆಸಿದ್ದು ಎಂದು ಗೊತ್ತಾಗಲಿ:

ದಾಮೋದರ ಗಟ್ಟಿ ಕಲ್ಲನ್ನೇ ತಟ್ಟಿ ನೋಡಿ ಇಟ್ಟಿದ್ದ. ಮೊದಲು ಗಾಡಿ ಜಾಕಿನಿಂದ ಹಾರಿತು. ಕಲ್ಲು ಒಡೆದದ್ದು ಆಮೇಲೆ, ಗಾಡಿ ಅದರ ಮೇಲೆ ಹತ್ತಿದ್ದರಿಂದ.